ಮೊದಲ ಸಲ ಹಳೆಯ ಬೈಕ್ ಕಟ್ಟುವವರಿಗೆ ಯೆಜ್ಡಿ 250 ಕ್ಲಾಸಿಕ್

ಹಳೆಯ ಬೈಕೊಂದನ್ನು ತಂದು, ಬಿಚ್ಚಿ, ಸರಿಪಡಿಸಿ ಮತ್ತೆ ರಸ್ತೆಗಿಳಿಸಬೇಕೆಂಬ ಆಸೆಯಿರುವವರು ಯಾವುದರಿಂದ ಶುರು ಮಾಡಬೇಕೆಂದು ಕೇಳಿದಾಗಲೆಲ್ಲ ನಾನು ಯೆಜ್ಡಿ 250 ಕ್ಲಾಸಿಕ್‌ನ ಹೆಸರು ಹೇಳುತ್ತೇನೆ. ಅದು ಮೈಸೂರಿನಲ್ಲಿ ತಯಾರಾದ ಗಾಡಿ ಎಂಬ ಅಭಿಮಾನ ನನಗೆ ಖಂಡಿತ ಇದೆ. ಆದರೆ ಹೊಸಬರ ಕೈಗೆ ಅದನ್ನು ಧೈರ್ಯವಾಗಿ ಕೊಡುವುದಕ್ಕೆ ಬೇರೆ ಕಾರಣವಿದೆ. ಈ ಬೈಕಿಗೆ ಬರುವ ತೊಂದರೆಗಳು ಕೆಲವೇ, ಮತ್ತು ಪ್ರತಿಯೊಂದು ತೊಂದರೆಯೂ ಹೊಗೆಯಲ್ಲಿ, ಶಬ್ದದಲ್ಲಿ, ಪ್ಲಗ್ಗಿನ ಬಣ್ಣದಲ್ಲಿ ತನ್ನ ಗುರುತನ್ನು ತೋರಿಸಿಬಿಡುತ್ತದೆ. ಆ ಗುರುತುಗಳನ್ನು ಓದುವ ತಾಳ್ಮೆ ಇರುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು; ಅಷ್ಟು ತಾಳ್ಮೆ ಇಲ್ಲದೆ ನೇರವಾಗಿ ಪೇಂಟ್ ಅಂಗಡಿಗೆ ಓಡುವವರಿಗೆ ಇದು ದುಬಾರಿ ಗಾಡಿಯಾಗುತ್ತದೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ಇಲ್ಲಿಯೇ ತಯಾರಿಸಲು ಇರಾನಿ ಕುಟುಂಬದವರು ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಆರಂಭವಾಯಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರೇ ಅದನ್ನು ಉದ್ಘಾಟಿಸಿದರು. 1973ರ ಹೊತ್ತಿಗೆ ಜಾವಾ ಹೆಸರು ಹೋಗಿ ಯೆಜ್ಡಿ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಎಂಬ ಇನ್ನೊಂದು ಯೆಜ್ಡಿ ಮಾದರಿ ಬಂತು, 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಹೀಗಾಗಿ ಆ ಕಾರ್ಖಾನೆಯಿಂದ ಬಂದ ಅತ್ಯಂತ ಹೊಸ ಯೆಜ್ಡಿಗೂ ಮೂವತ್ತರ ಆಸುಪಾಸಿನ ವಯಸ್ಸಾಗಿರುತ್ತದೆ, ಮತ್ತು ನೀವು ಕೊಳ್ಳುವ ಗಾಡಿ ಹಲವು ಮಾಲೀಕರನ್ನೂ ಅದಕ್ಕಿಂತ ಹೆಚ್ಚು ಮೆಕ್ಯಾನಿಕ್‌ಗಳನ್ನೂ ಕಂಡಿರುತ್ತದೆ ಎಂದೇ ಭಾವಿಸಿ ಮುಂದುವರಿಯಬೇಕು.

ಇಂಜಿನ್ನಿನ ಸರಳತೆಯೇ ಇದರ ದೊಡ್ಡ ಗುಣ. ಎರಡು ಸೈಲೆನ್ಸರ್ ಕಂಡು ಇದನ್ನು ಎರಡು ಸಿಲಿಂಡರಿನ ಬೈಕೆಂದು ತಿಳಿಯುವವರು ಬಹಳ. ವಾಸ್ತವದಲ್ಲಿ ಇರುವುದು 65 ಮಿಲಿಮೀಟರ್ ಬೋರ್ (ಒಳ ಅಗಲ), 75 ಮಿಲಿಮೀಟರ್ ಸ್ಟ್ರೋಕಿನ (ಪಿಸ್ಟನ್ ಚಲಿಸುವ ದೂರ) ಒಂದೇ ಸಿಲಿಂಡರು, ಅದಕ್ಕೆ ಹೊಗೆ ಹೋಗುವ ಬಾಯಿ ಮಾತ್ರ ಎರಡು. ಟೂ ಸ್ಟ್ರೋಕ್ ಆದ್ದರಿಂದ ವಾಲ್ವ್, ಕ್ಯಾಮ್, ಟ್ಯಾಪೆಟ್, ಟೈಮಿಂಗ್ ಚೈನ್ ಯಾವುದೂ ಇಲ್ಲ. ಸಾಧಾರಣ ಸ್ಪ್ಯಾನರ್ ಸೆಟ್ಟಿನಿಂದ ಹೆಡ್ ಬಿಚ್ಚಿ, ಬ್ಯಾರೆಲ್ ಮೇಲೆತ್ತಿ, ಪಿಸ್ಟನ್ನನ್ನು ಕಣ್ಣಾರೆ ನೋಡುವ ಕೆಲಸ ಮನೆಯ ಪಡಸಾಲೆಯಲ್ಲೇ ಆಗುತ್ತದೆ. ಬ್ಯಾರೆಲ್ ಎರಕದ ಕಬ್ಬಿಣದ್ದಾಗಿರುವುದರಿಂದ ಸವೆದರೆ ಬೋರ್ ಮಾಡಿಸಿ, ಅಂದರೆ ಒಳಭಾಗವನ್ನು ಸ್ವಲ್ಪ ಅಗಲವಾಗಿ ಕೊರೆಸಿ, ಓವರ್‌ಸೈಜ್ ಪಿಸ್ಟನ್ ಕೂರಿಸಬಹುದು.

ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ ಆಗಿರುವ ಏರ್ಪಾಡು ಹೊಸಬರಿಗೆ ಮೊದಲು ವಿಚಿತ್ರವೆನಿಸುತ್ತದೆ. ಎಡಗಡೆಯ ಗೇರ್ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ಇದರ ಜೊತೆಗೆ ಗೇರ್ ಲಿವರನ್ನು ಒತ್ತಿದಾಗ ಕ್ಲಚ್ ತಾನಾಗಿಯೇ ಬಿಡುವ ವ್ಯವಸ್ಥೆಯೂ ಇದೆ. ಚೆನ್ನಾಗಿ ಹೊಂದಿಸಿದ ಗಾಡಿಯಲ್ಲಿ ಇದು ಬಹಳ ಸುಖ ಕೊಡುತ್ತದೆ. ಹೊಂದಿಸುವ ಸ್ಕ್ರೂವನ್ನು ಅಗತ್ಯಕ್ಕಿಂತ ಬಿಗಿ ಮಾಡಿಬಿಟ್ಟರೆ ಮಾತ್ರ ಕ್ಲಚ್ ಪ್ಲೇಟುಗಳು ಪೂರ್ತಿ ಕೂಡದೆ ಜಾರುತ್ತಲೇ ಇರುತ್ತವೆ. ಆಕ್ಸಿಲರೇಟರ್ ಕೊಟ್ಟರೆ ಇಂಜಿನ್ ಕೂಗುತ್ತದೆ, ಗಾಡಿ ಮುಂದಕ್ಕೆ ಹೋಗುವುದಿಲ್ಲ ಎಂಬ ದೂರು ಬಂದರೆ ಹೊಸ ಪ್ಲೇಟ್ ಕೊಳ್ಳುವ ಮುನ್ನ ಈ ಸ್ಕ್ರೂವನ್ನು ಸ್ವಲ್ಪ ಸಡಿಲಿಸಿ ನೋಡಬೇಕು.

ಕೊಳ್ಳುವಾಗ ನೋಡಬೇಕಾದುದು ಗಾಡಿಯ ಹೊಳಪನ್ನಲ್ಲ. ಪೇಂಟ್ ಹಾರಿಹೋಗಿ, ಸೀಟ್ ಹರಿದು, ಆದರೆ ಎಲ್ಲ ಭಾಗಗಳೂ ಅದರದ್ದೇ ಆಗಿ ಉಳಿದಿರುವ ಗಾಡಿ ಮೊದಲ ಪ್ರಯತ್ನಕ್ಕೆ ಒಪ್ಪುತ್ತದೆ. ಥಳಥಳ ಹೊಳೆಯುವ, ಆದರೆ ಹತ್ತು ಗಾಡಿಗಳಿಂದ ಕೂಡಿಸಿದ ಬೈಕ್ ಒಪ್ಪುವುದಿಲ್ಲ. ಪಿಸ್ಟನ್, ಬೇರಿಂಗ್, ಸೀಲುಗಳು ಇವತ್ತಿಗೂ ಸಿಗುತ್ತವೆ. ಸಿಗದೆ ಸತಾಯಿಸುವವು ಮೂಲ ಟ್ಯಾಂಕ್, ಹೆಡ್‌ಲೈಟಿನ ತಗಡಿನ ಚಿಪ್ಪು, ಟೂಲ್‌ಬಾಕ್ಸ್ ಮುಚ್ಚಳ, ಹಿಂದಿನ ಚೈನನ್ನು ಪೂರ್ತಿ ಮುಚ್ಚುವ ತಗಡಿನ ಕವರು ಮುಂತಾದವು. ಚೈನ್ ಕವರ್ ಕಳೆದುಕೊಂಡ ಗಾಡಿಗಳು ಬಹಳ ಇವೆ, ಏಕೆಂದರೆ ಚೈನ್ ಬದಲಿಸುವಾಗ ಅದನ್ನು ತೆಗೆದ ಮೆಕ್ಯಾನಿಕ್ ಮತ್ತೆ ಹಾಕುವ ಗೋಜಿಗೆ ಹೋಗಿರುವುದಿಲ್ಲ. ಆ ಕವರ್ ಇದ್ದರೆ ಮಳೆಗಾಲದ ಕೆಸರು ಚೈನನ್ನು ಮುಟ್ಟುವುದೇ ಇಲ್ಲ.

ತಂದ ಗಾಡಿಯನ್ನು ಆ ದಿನವೇ ಪೂರ್ತಿ ಬಿಚ್ಚಿ ಹರವಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಓಡುವ ಸ್ಥಿತಿಗೆ ತಂದು, ಅದರ ದೂರುಗಳನ್ನೆಲ್ಲ ಕೇಳಿ, ಬರೆದಿಟ್ಟುಕೊಂಡು, ಆಮೇಲೆ ಬಿಚ್ಚಬೇಕು. ಬಿಚ್ಚಿ ಪೇಂಟ್ ಮಾಡಿಸಿ ಜೋಡಿಸಿದ ಮೇಲೆ ಸ್ಟಾರ್ಟ್ ಆಗದೆ ಹೋದರೆ ತಪ್ಪು ಹಳೆಯದೋ ಜೋಡಣೆಯಲ್ಲಿ ಹೊಸದಾಗಿ ಹುಟ್ಟಿದ್ದೋ ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ವರ್ಷಗಟ್ಟಲೆ ನಿಂತ ಇಂಜಿನ್ನನ್ನು ಬಲವಾಗಿ ಒದೆಯುವುದಕ್ಕೆ ಮುಂಚೆ ಪ್ಲಗ್ ತೆಗೆದು, ಆ ತೂತಿನಲ್ಲಿ ಸ್ವಲ್ಪ ಟೂಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಆಯಿಲ್) ಬಿಟ್ಟು, ಒಂದು ರಾತ್ರಿ ಬಿಟ್ಟು ನಿಧಾನವಾಗಿ ತಿರುಗಿಸಿ ನೋಡಬೇಕು. ಸರಾಗವಾಗಿ ತಿರುಗಿದರೆ ಪ್ಲಗ್ಗನ್ನು ಹೆಡ್ಡಿಗೆ ತಾಗಿಸಿ ಹಿಡಿದು ಕಿಡಿ ಬರುತ್ತದೆಯೇ ಎಂದು ಪರೀಕ್ಷಿಸಬೇಕು. ನೀಲಿ ಬಣ್ಣದ, ಚಟಚಟ ಸದ್ದಿನ ಕಿಡಿ ಇದ್ದರೆ ಸರಿ. ತೆಳುವಾದ ಕೆಂಪು ಕಿಡಿ ಇದ್ದರೆ ಮೊದಲು ಬ್ಯಾಟರಿ, ಆಮೇಲೆ ಪಾಯಿಂಟ್ (ಕಿಡಿಗಾಗಿ ಕರೆಂಟನ್ನು ಕಡಿದು ಕೂಡಿಸುವ ಸಣ್ಣ ಸ್ವಿಚ್), ಆಮೇಲೆ ಅದರ ಜೊತೆಗಿರುವ ಕಂಡೆನ್ಸರ್ (ಕೆಪಾಸಿಟರ್), ಕೊನೆಗೆ ಕಾಯಿಲ್ (ಕಿಡಿಗೆ ಬೇಕಾದಷ್ಟು ವೋಲ್ಟೇಜ್ ಏರಿಸುವ ಸುರುಳಿ) ಎಂಬ ಕ್ರಮದಲ್ಲಿ ನೋಡುತ್ತ ಹೋಗಬೇಕು. ಪಾಯಿಂಟ್ ತೆರೆದಾಗ ನಡುವಿನ ಸಂದು 0.4 ಮಿಲಿಮೀಟರ್ ಇರಬೇಕು. ಸಂದು ಅಳೆಯುವ ತೆಳು ಪಟ್ಟಿಗಳಾದ ಫೀಲರ್ ಗೇಜ್ ಇಲ್ಲದೆ ಕಣ್ಣಂದಾಜಿನಲ್ಲಿ ಹೊಂದಿಸುವ ಅಭ್ಯಾಸ ಅನುಭವಿಗಳಿಗೆ ಇರಬಹುದು, ಹೊಸಬರಿಗೆ ಬೇಡ.

ಇಂಜಿನ್ ಕೂಗಿತೆಂದರೆ ಪಾಠ ಶುರುವಾಯಿತು. ಯೆಜ್ಡಿಯನ್ನು ಮೊದಲ ಬಾರಿಗೆ ಸರಿಪಡಿಸುವವರನ್ನು ಅತ್ಯಂತ ಗೊಂದಲಕ್ಕೆ ಕೆಡಹುವ ಭಾಗ ಕ್ರ್ಯಾಂಕಿನ (ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿಸುವ ದಂಡ) ಎರಡು ಬದಿಯ ಆಯಿಲ್ ಸೀಲುಗಳು, ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ನೇರವಾಗಿ ಪಿಸ್ಟನ್ನಿನ ಮೇಲ್ಭಾಗಕ್ಕೆ ಹೋಗುವುದಿಲ್ಲ. ಮೊದಲು ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕ್‌ಕೇಸಿಗೆ ಬಂದು, ಪಿಸ್ಟನ್ ಇಳಿಯುವಾಗಿನ ಒತ್ತಡಕ್ಕೆ ಸಿಕ್ಕಿ, ಪಕ್ಕದ ದಾರಿಗಳಿಂದ ಮೇಲೇರುತ್ತದೆ. ಆ ಕೋಣೆ ಎಲ್ಲೂ ಗಾಳಿ ಸೋರದಂತೆ ಮುಚ್ಚಿರಬೇಕು, ಮತ್ತು ಕ್ರ್ಯಾಂಕ್ ಹೊರಬರುವ ಎರಡು ಕಡೆಗಳಲ್ಲಿ ಆ ಕೆಲಸವನ್ನು ಮಾಡುವುದು ಬೆರಳಗಲದ ರಬ್ಬರ್ ಸೀಲುಗಳು. ಓಡದೆ ನಿಂತ ಗಾಡಿಯಲ್ಲಿ ರಬ್ಬರು ಗಟ್ಟಿಯಾಗಿ, ಅದರ ತುಟಿ ಬಿರುಕು ಬಿಡುತ್ತದೆ.

ಬಲಗಡೆಯ, ಅಂದರೆ ಡೈನಮೊ ಬದಿಯ ಸೀಲ್ ಹೋದರೆ ಹೊರಗಿನ ಗಾಳಿ ಒಳಕ್ಕೆ ನುಗ್ಗುತ್ತದೆ. ಆಗ ಸ್ಲೋ ಸ್ಪೀಡ್ (ಆಕ್ಸಿಲರೇಟರ್ ಕೊಡದೆ ಇಂಜಿನ್ ನಿಂತಲ್ಲೇ ಓಡುವ ವೇಗ) ಸ್ಥಿರವಾಗಿ ನಿಲ್ಲುವುದಿಲ್ಲ. ಒಮ್ಮೆ ತಾನಾಗಿಯೇ ರೇಸ್ ಆಗುತ್ತದೆ, ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ಇಳಿಯಲು ತಡಮಾಡುತ್ತದೆ, ಇನ್ನೊಮ್ಮೆ ಸಿಗ್ನಲ್ಲಿನಲ್ಲಿ ನಿಂತಾಗ ಆಫ್ ಆಗುತ್ತದೆ. ಪ್ಲಗ್ ತೆಗೆದು ನೋಡಿದರೆ ಕಾಫಿಪುಡಿಯ ಬಣ್ಣದಲ್ಲಿರಬೇಕಾದ ಅದರ ತುದಿ ಬೆಳ್ಳಗೆ ಸುಣ್ಣದಂತಾಗಿರುತ್ತದೆ. ಇದೇ ಲಕ್ಷಣವನ್ನು ಕಾರ್ಬುರೇಟರಿನ ದೋಷವೆಂದು ತಿಳಿದು ಅದರೊಳಗೆ ಪೆಟ್ರೋಲ್ ಹರಿಯುವ ಸಣ್ಣ ತೂತಾದ ಜೆಟ್ ಬದಲಿಸಿ, ಆ ಹರಿವನ್ನು ಹೊಂದಿಸುವ ನೀಡಲ್ ಏರಿಸಿ, ಕಡೆಗೆ ಹೊಸ ಕಾರ್ಬುರೇಟರನ್ನೇ ಕೊಳ್ಳುವವರಿದ್ದಾರೆ. ಅದರಿಂದ ಹಣ ಹೋಗುವುದಷ್ಟೇ ಅಲ್ಲ, ಗಾಳಿ ಹೆಚ್ಚಾಗಿ ಓಡುವ ಇಂಜಿನ್ ಕಾದು ಪಿಸ್ಟನ್ ಸೀಜ್ ಆಗುವ, ಅಂದರೆ ಸಿಲಿಂಡರಿನೊಳಗೆ ಕಚ್ಚಿಕೊಳ್ಳುವ, ಅಪಾಯವೂ ಇದೆ. ಎಡಗಡೆಯ ಸೀಲ್ ಹೋದರೆ ಲಕ್ಷಣಗಳು ಬೇರೆ: ಆ ಬದಿಯಲ್ಲಿ ಕ್ಲಚ್ಚೂ ಪ್ರೈಮರಿ ಚೈನೂ ಗೇರ್ ಆಯಿಲಿನಲ್ಲಿ ಮುಳುಗಿರುವುದರಿಂದ ಆ ಆಯಿಲನ್ನೇ ಇಂಜಿನ್ ಹೀರಿಕೊಂಡು ಬೀದಿ ತುಂಬ ಬಿಳಿ ಹೊಗೆ ಉಗುಳುತ್ತದೆ, ಪ್ಲಗ್ ಒದ್ದೆಯಾಗಿ ಕಪ್ಪಾಗುತ್ತದೆ, ಹೊರಗೆ ಒಂದು ಹನಿಯೂ ಸೋರದೆ ಗೇರ್‌ಬಾಕ್ಸಿನ ಆಯಿಲ್ ಮಾತ್ರ ಕಡಿಮೆಯಾಗುತ್ತ ಹೋಗುತ್ತದೆ. ಈ ಎರಡು ಬಗೆಯ ಲಕ್ಷಣಗಳನ್ನು ಬೇರ್ಪಡಿಸಿ ಗುರುತಿಸಲು ಬಂದರೆ ಟೂ ಸ್ಟ್ರೋಕಿನ ಅರ್ಧ ವಿದ್ಯೆ ಬಂದಂತೆ. ಸೀಲಿನ ಬೆಲೆ ಅತ್ಯಲ್ಪ. ಹೊಸದಾಗಿ ಹಳೆಯ ಗಾಡಿ ತಂದವರು, ಸೀಲಿನ ಸ್ಥಿತಿ ಹೇಗೇ ಇರಲಿ, ಇಂಜಿನ್ ಬಿಚ್ಚಿದಾಗ ಎರಡನ್ನೂ ಬದಲಿಸಿಬಿಡುವುದು ಒಳ್ಳೆಯದು.

ಇನ್ನು ವಿದ್ಯುತ್ತಿನ ಭಾಗ. ಈ ಬೈಕಿನಲ್ಲಿ ನನಗೆ ಮೆಚ್ಚುಗೆಯಾಗದ ಸಂಗತಿ ಇದೊಂದೇ. ಕ್ರ್ಯಾಂಕಿನ ಬಲ ತುದಿಯಲ್ಲಿ ಕುಳಿತ 6 ವೋಲ್ಟಿನ ಡೈನಮೊ ಹೊಸದಾಗಿದ್ದಾಗಲೂ ಉದಾರವಾಗಿ ಕರೆಂಟ್ ಕೊಡುತ್ತಿರಲಿಲ್ಲ. ಕಿಡಿಗೂ ದೀಪಕ್ಕೂ ಹಾರ್ನಿಗೂ ಅದೇ ಬ್ಯಾಟರಿ, ಬ್ಯಾಟರಿ ಇಳಿದರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಇಂಜಿನ್ ಓಡುವಾಗಲೂ ಚಾರ್ಜಿಂಗ್ ದೀಪ ಕೆಂಪಗೆ ಉರಿಯುತ್ತಿದ್ದರೆ ಹೊಸ ಡೈನಮೊ ಹುಡುಕಿಕೊಂಡು ಹೋಗಬೇಕಾಗಿಲ್ಲ. ಬಲಗಡೆಯ ಕವರ್ ತೆಗೆದು ಕಾರ್ಬನ್ ಬ್ರಷ್‌ಗಳನ್ನು ನೋಡಬೇಕು. ಸವೆದು ಗಿಡ್ಡವಾಗಿದ್ದರೆ ಸ್ಪ್ರಿಂಗ್ ಅವನ್ನು ಆರ್ಮೇಚರಿಗೆ (ಡೈನಮೊದ ತಿರುಗುವ ಭಾಗಕ್ಕೆ) ಒತ್ತಲಾರದು. ಬ್ರಷ್ ತಾಗುವ ತಾಮ್ರದ ಪಟ್ಟಿಗಳು ಕಪ್ಪಾಗಿದ್ದರೆ ನಯವಾದ ಸ್ಯಾಂಡ್‌ಪೇಪರನ್ನು ಕಿರಿದಾದ ಪಟ್ಟಿಯಾಗಿ ಕತ್ತರಿಸಿ, ಸುತ್ತ ಹಿಡಿದು ತಿರುಗಿಸಿ ಉಜ್ಜಿದರೆ ತಾಮ್ರದ ಕೆಂಪು ಮತ್ತೆ ಕಾಣಿಸುತ್ತದೆ. ಬಳಿಕ ಪಟ್ಟಿಗಳ ನಡುವಿನ ಸಂದುಗಳಲ್ಲಿ ಸೇರಿದ ಇಂಗಾಲದ ಪುಡಿಯನ್ನು ಮುರಿದ ಹ್ಯಾಕ್ಸಾ ಬ್ಲೇಡಿನ ಚೂರಿನಿಂದ ಒಂದೊಂದಾಗಿ ಕೆರೆದು ತೆಗೆಯಬೇಕು. ಇಷ್ಟು ಮಾಡಿದ ಮೇಲೆ ಎಷ್ಟೋ ಸಲ ಕೆಂಪು ದೀಪ ಆರಿಹೋಗುತ್ತದೆ. ಆರದಿದ್ದರೆ ರೆಗ್ಯುಲೇಟರನ್ನೂ ಅರ್ತಿಂಗನ್ನೂ ನೋಡಬೇಕು. ಪೌಡರ್ ಕೋಟಿಂಗ್ ಮಾಡಿಸಿದ ಚಾಸಿಗಳಲ್ಲಿ ಅರ್ತಿಂಗ್ ಬೋಲ್ಟಿನ ಕೆಳಗಿನ ಬಣ್ಣ ಕೆರೆಯದೆ ಬಿಟ್ಟಿರುವುದೇ ಬಹುಪಾಲು ದೂರುಗಳ ಮೂಲ. ಆರ್ಮೇಚರನ್ನು ಕ್ರ್ಯಾಂಕಿನಿಂದ ಕೀಳಬೇಕಾಗಿ ಬಂದರೆ ಪುಲ್ಲರ್ ಬೋಲ್ಟನ್ನೇ ಬಳಸಬೇಕು, ಸುತ್ತಿಗೆಯ ಪೆಟ್ಟು ಬಿದ್ದರೆ ಕ್ರ್ಯಾಂಕ್ ಓರೆಯಾಗುತ್ತದೆ.

ಇದನ್ನೆಲ್ಲ ಕಿತ್ತು 12 ವೋಲ್ಟಿನ ಎಲೆಕ್ಟ್ರಾನಿಕ್ ಕಿಟ್ ಹಾಕಿಸುವುದು ಒಳ್ಳೆಯದಲ್ಲವೇ ಎಂದು ಹಲವರು ಕೇಳುತ್ತಾರೆ. ನಿತ್ಯ ಕಚೇರಿಗೆ ಓಡಿಸುವವರಿಗೆ ಅದು ಸರಿಯಾದ ನಿರ್ಧಾರವೇ, ಏಕೆಂದರೆ 6 ವೋಲ್ಟಿನ ಹೆಡ್‌ಲೈಟ್ ಬೀದಿದೀಪವಿಲ್ಲದ ರಸ್ತೆಯಲ್ಲಿ ಸಾಲುವುದಿಲ್ಲ. ಆದರೆ ಮೊದಲ ಗಾಡಿಯನ್ನು ಕಲಿಯುವುದಕ್ಕಾಗಿ ಕಟ್ಟುತ್ತಿರುವವರು ಮೂಲ ವ್ಯವಸ್ಥೆಯನ್ನೇ ಒಮ್ಮೆ ಸರಿಪಡಿಸಿ ಓಡಿಸಬೇಕೆಂಬುದು ನನ್ನ ಸಲಹೆ. ಪಾಯಿಂಟ್, ಕಂಡೆನ್ಸರ್, ಬ್ರಷ್ ಇವುಗಳ ದೋಷವನ್ನು ಕಣ್ಣಿಂದ ಕಾಣಬಹುದು; ಸೀಲ್ ಮಾಡಿದ ಎಲೆಕ್ಟ್ರಾನಿಕ್ ಡಬ್ಬಿಯೊಳಗೆ ನೋಡುವುದಕ್ಕೆ ಏನೂ ಇರುವುದಿಲ್ಲ.

ಪೆಟ್ರೋಲ್ ಬದಿಯ ಕೆಲಸ ಸುಲಭ. ಹಳೆಯ ಜಾವಾಗಳಲ್ಲಿದ್ದ ಜಿಕೋವ್ ಆಗಲಿ, ಆಮೇಲೆ ಬಂದ ಮಿಕುನಿ ಮಾದರಿಯ ಕಾರ್ಬುರೇಟರ್ ಆಗಲಿ, ಎರಡನ್ನೂ ಮೇಜಿನ ಮೇಲೆ ಬಿಚ್ಚಿ ತೊಳೆದು ಕೂಡಿಸಲು ಒಂದು ಸಂಜೆ ಸಾಕು. ತುಕ್ಕು ಹಿಡಿದ ಟ್ಯಾಂಕಿನ ವಿಷಯದಲ್ಲಿ ಮಾತ್ರ ಅವಸರ ಸಲ್ಲದು. ಒಳಗಿನ ತುಕ್ಕನ್ನು ಪೂರ್ತಿ ತೊಳೆಯದೆ ಜೆಟ್ ಎಷ್ಟು ಸಲ ಊದಿದರೂ ಮತ್ತೆ ಕಟ್ಟಿಕೊಳ್ಳುತ್ತದೆ. ಈಗ ಬಂಕುಗಳಲ್ಲಿ ಸಿಗುವ ಇಥೆನಾಲ್ ಬೆರೆತ ಪೆಟ್ರೋಲ್ ತೇವವನ್ನು ಹೀರುತ್ತದೆ, ಹಳೆಯ ರಬ್ಬರ್ ಪೈಪು ಮತ್ತು ವಾಷರುಗಳನ್ನು ಕೆಡಿಸುತ್ತದೆ, ಆದ್ದರಿಂದ ಪೈಪನ್ನು ಹೊಸ ಬಗೆಯದ್ದಕ್ಕೆ ಬದಲಿಸಿ, ತಿಂಗಳುಗಟ್ಟಲೆ ನಿಲ್ಲಿಸುವ ಮುನ್ನ ಕಾರ್ಬುರೇಟರ್ ಖಾಲಿ ಮಾಡಿಡುವುದು ಕ್ಷೇಮ. ಒಂದಷ್ಟು ದೂರ ಚೆನ್ನಾಗಿ ಓಡಿ ಪೆಟ್ರೋಲ್ ಇದ್ದೂ ನಿಂತುಬಿಟ್ಟರೆ ಟ್ಯಾಂಕಿನ ಮುಚ್ಚಳವನ್ನು ತೆರೆದು ನೋಡಿ: ಬುಸ್ಸೆಂದು ಗಾಳಿ ಒಳಹೋಗಿ ಗಾಡಿ ಮತ್ತೆ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿತೂತು ಕಟ್ಟಿದೆ ಎಂದರ್ಥ. ಮುಚ್ಚಳ ತೆರೆದರೂ ಸ್ಟಾರ್ಟ್ ಆಗದೆ, ಇಂಜಿನ್ ತಣ್ಣಗಾದ ಮೇಲೆ ಮಾತ್ರ ಆಗುತ್ತಿದ್ದರೆ ಕಂಡೆನ್ಸರ್ ಅಥವಾ ಕಾಯಿಲ್ ಮೇಲೆ ಅನುಮಾನಪಡಬೇಕು.

ಮನೆಯಲ್ಲಿ ಮಾಡಲಾಗದ ಕೆಲಸಗಳೂ ಇವೆ. ಕ್ರ್ಯಾಂಕ್ ಒತ್ತಿ ಕೂಡಿಸಿದ ಬಗೆಯದ್ದು. ಕನೆಕ್ಟಿಂಗ್ ರಾಡ್ ಬದಲಿಸಬೇಕಾದರೆ ಪ್ರೆಸ್ಸಿನಲ್ಲಿ ಬಿಚ್ಚಿ, ಮತ್ತೆ ಕೂಡಿಸಿ, ಡಯಲ್ ಗೇಜ್ ಹಿಡಿದು ನೇರ ಮಾಡುವ ಲೇತಿನವರ ಬಳಿಗೇ ಹೋಗಬೇಕು. ಬೋರ್ ಮಾಡಿಸುವಾಗ ಪಿಸ್ಟನ್ನನ್ನು ಮೊದಲು ಕೊಂಡು, ಅದನ್ನೇ ಲೇತಿನವರ ಕೈಗೆ ಕೊಟ್ಟು, ಅದರ ಅಳತೆಗೆ ಬೋರ್ ಮಾಡಿಸಬೇಕು. ಡಬ್ಬಿಯ ಮೇಲೆ ಮುದ್ರಿಸಿದ ಸಂಖ್ಯೆಯನ್ನು ನಂಬಿ ಮಾಡಿಸಬಾರದು. ಹೊಸ ಬೋರಿನ ಗಾಡಿಯನ್ನು ಮೊದಲ ಕೆಲವು ನೂರು ಕಿಲೋಮೀಟರ್ ನಿಧಾನವಾಗಿ ಓಡಿಸಬೇಕು. ಲೀಟರಿಗೆ 40 ಮಿಲಿಲೀಟರ್ ಟೂಟಿ ಆಯಿಲ್, ಅಂದರೆ 1:25ರ ಹಳೆಯ ಲೆಕ್ಕವನ್ನೇ ಹಿಡಿದರೆ ಹೊಗೆ ಸ್ವಲ್ಪ ಹೆಚ್ಚಾದರೂ ಇಂಜಿನ್ ಸುರಕ್ಷಿತ. ಆಯಿಲ್ ಪೆಟ್ರೋಲಿನ ಜೊತೆಗೇ ಬರುವುದರಿಂದ ಆಗುಂಬೆ, ಚಾರ್ಮಾಡಿಯಂಥ ಘಾಟಿಗಳನ್ನು ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನ ಹಿಡಿತದಲ್ಲೇ ಇಳಿದರೆ ಪಿಸ್ಟನ್ನಿಗೆ ಜಿಡ್ಡು ಸಿಗುವುದಿಲ್ಲ. ನಡುನಡುವೆ ಒಂದು ಸಲ ಆಕ್ಸಿಲರೇಟರ್ ಕೊಡುತ್ತ ಇಳಿಯಬೇಕು.

ಬಿಡಿಭಾಗಗಳ ಲಭ್ಯತೆ ಮೊದಲ ಪ್ರಯತ್ನಕ್ಕೆ ಯೆಜ್ಡಿಯನ್ನು ಆರಿಸಲು ಇನ್ನೊಂದು ಕಾರಣ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಮೈಸೂರಿನ ಹಳೆಯ ಅಂಗಡಿಗಳಲ್ಲಿ ದಿನಬಳಕೆಯ ಭಾಗಗಳು ದೊರೆಯುತ್ತವೆ, ಮತ್ತು ಯಾದವಗಿರಿಯ ಕಾರ್ಖಾನೆ ಇದ್ದ ಊರಿನಲ್ಲಿ ಈ ಇಂಜಿನ್ನನ್ನು ಚೆನ್ನಾಗಿ ಬಲ್ಲ ಹಿರಿಯ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ಗುಣಮಟ್ಟ ಮಾತ್ರ ಒಂದೇ ಸಮನಾಗಿಲ್ಲ. ಇವತ್ತು ತಯಾರಾಗುವ ನಕಲು ಸೈಲೆನ್ಸರುಗಳ ತಗಡು ತೆಳು, ಒಳಗಿನ ಬ್ಯಾಫಲ್‌ನ (ಸದ್ದು ತಗ್ಗಿಸುವ ಕೊಳವೆಯ) ತೂತುಗಳ ಅಳತೆ ಬೇರೆ, ಆದ್ದರಿಂದ ಗಾಡಿಯ ಆ ಗಂಭೀರವಾದ ಸದ್ದೂ ಬರುವುದಿಲ್ಲ, ಪಿಕಪ್ಪೂ ಬರುವುದಿಲ್ಲ. ಮೂಲ ಸೈಲೆನ್ಸರ್ ಎಷ್ಟೇ ಮಾಸಿರಲಿ, ಬ್ಯಾಫಲ್ ಹೊರಗೆಳೆದು ಗಟ್ಟಿಯಾದ ಕರಿಯನ್ನು ಸುಟ್ಟು ಕೆರೆದು ಮತ್ತೆ ಬಳಸುವುದು ಮೇಲು. ಕ್ಲಚ್ಚಿನ ಕಾರ್ಕ್ ಪ್ಲೇಟುಗಳನ್ನು ಕೊಳ್ಳುವಾಗ ಉಗುರಿನಿಂದ ಒತ್ತಿ ನೋಡಬೇಕು. ಪುಡಿಯಾಗಿ ಉದುರುವ ಕಾರ್ಕ್ ಕೆಲವೇ ದಿನಗಳಲ್ಲಿ ಗೇರ್ ಆಯಿಲಿನಲ್ಲಿ ತೇಲುತ್ತಿರುತ್ತದೆ.

ಪೇಂಟ್ ಮತ್ತು ಕ್ರೋಮಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಖರ್ಚಿನ ದೊಡ್ಡ ಪಾಲು ಅಲ್ಲಿಗೇ ಹೋಗುತ್ತದೆ ಎಂಬುದನ್ನು ಬಿಟ್ಟು. ಟ್ಯಾಂಕಿನ ಅಂಚಿನ ಗೀಟುಗಳನ್ನು ಸ್ಟಿಕ್ಕರಿನಿಂದ ಅಂಟಿಸದೆ ಕುಂಚದಿಂದ ಎಳೆಯುವ ಕಲಾವಿದರು ಸಿಕ್ಕರೆ ಅವರ ಕೈಯಲ್ಲೇ ಮಾಡಿಸಿ. ಆ ಗೀಟಿನ ಸಣ್ಣ ಏರಿಳಿತದಲ್ಲಿ ಇರುವ ಚೆಲುವು ಸ್ಟಿಕ್ಕರಿಗೆ ಬರುವುದಿಲ್ಲ.

ಕಾಗದಪತ್ರ ಸರಿಯಿಲ್ಲದ ಗಾಡಿಯನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮೊದಲ ಪ್ರಯತ್ನಕ್ಕೆ ತರಬೇಡಿ. ಇಂಜಿನ್ ಮತ್ತು ಚಾಸಿ ನಂಬರುಗಳನ್ನು ಆರ್‌ಸಿಯಲ್ಲಿರುವುದರೊಂದಿಗೆ ನೀವೇ ಹೋಲಿಸಿ ನೋಡಬೇಕು, ಮಾಲೀಕರ ಹೆಸರಿನಿಂದ ನಿಮ್ಮ ಹೆಸರಿಗೆ ವರ್ಗಾವಣೆ ಆಗುತ್ತದೆಂದು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿದ ಮೇಲೆಯೇ ಹಣ ಕೊಡಬೇಕು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುವುದರಿಂದ ಆಮೇಲೆ ಪ್ರತಿ 5 ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಿದ ದಾಖಲೆ ಇದೆಯೇ, ಹಸಿರು ತೆರಿಗೆ ಕಟ್ಟಿದೆಯೇ ನೋಡಬೇಕು. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಬಂದ ವಿಂಟೇಜ್ ನಿಯಮದಡಿ ‘ವಿಎ’ ಅಕ್ಷರಗಳ ಪ್ರತ್ಯೇಕ ನೋಂದಣಿ ಪಡೆಯುವ ಅವಕಾಶವಿದೆ, ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮೂರಕ್ಷರದ ಹಳೆಯ ಸರಣಿಯ ನಂಬರು ಜೀವಂತವಾಗಿದ್ದರೆ ಅದನ್ನು ಹಾಗೆಯೇ ಉಳಿಸಿಕೊಳ್ಳುವುದು ನನಗೆ ಮೆಚ್ಚುಗೆಯಾದ ದಾರಿ.

ಬೇರೆ ಆಯ್ಕೆಗಳ ಜೊತೆ ಇಟ್ಟು ನೋಡಿದರೆ, ಹಳೆಯ ಬುಲೆಟ್ಟಿಗೆ ಬಿಡಿಭಾಗ ಇನ್ನೂ ಸುಲಭವಾಗಿ ಸಿಗುತ್ತದೆ, ಆದರೆ ಫೋರ್ ಸ್ಟ್ರೋಕಿನ ವಾಲ್ವು, ಟ್ಯಾಪೆಟ್‌ಗಳ ಕೆಲಸ ಹೊಸಬರಿಗೆ ಒಂದು ಮೆಟ್ಟಿಲು ಮೇಲಿನದು. ಯಮಹಾ ಆರ್‌ಎಕ್ಸ್ 100 ಸರಳವಾದ ಉತ್ತಮ ಬೈಕಾದರೂ ಅದರ ಇಂದಿನ ಬೆಲೆ ಕಲಿಯುವವರ ಬೆಲೆಯಲ್ಲ. ರಾಜ್‌ದೂತ್ 350 ಎರಡು ಸಿಲಿಂಡರಿನದು, ಬಿಡಿಭಾಗ ದುಬಾರಿ, ಮೊದಲ ಗಾಡಿಯಾಗಿ ಬೇಡವೇ ಬೇಡ. ಯೆಜ್ಡಿಗಳಲ್ಲಿಯೇ ಆಯಿಲ್ ಕಿಂಗ್ ಮಾದರಿಯಲ್ಲಿ ಆಯಿಲಿಗೆ ಪ್ರತ್ಯೇಕ ಪಂಪಿದ್ದು, ಅದು ಕೆಟ್ಟರೆ ಸೀಜ್ ಆಗುವ ತನಕ ತಿಳಿಯುವುದಿಲ್ಲವಾದ್ದರಿಂದ ಅದನ್ನು ಎರಡನೆಯ ಗಾಡಿಯಾಗಿ ಇಟ್ಟುಕೊಳ್ಳಿ. ರೋಡ್‌ಕಿಂಗ್ ಓಡಿಸಲು ಕ್ಲಾಸಿಕ್ಕಿಗಿಂತ ಚುರುಕು, ಬೇಡಿಕೆಯೂ ಹೆಚ್ಚು, ಆದ್ದರಿಂದ ಬೆಲೆಯೂ ಹೆಚ್ಚು. ಎರಡರ ಡ್ರಮ್ ಬ್ರೇಕುಗಳೂ ಇಂದಿನ ರಸ್ತೆಯ ವೇಗಕ್ಕೆ ಸಾಲವು. ಹೊಸ ಲೈನರ್ ಹಾಕಿಸಿ, ಡ್ರಮ್ ಸಾಪು ಮಾಡಿಸಿದ ಮೇಲೂ ಮುಂದಿನ ವಾಹನದಿಂದ ಸಾಕಷ್ಟು ದೂರ ಉಳಿಸಿಕೊಂಡೇ ಓಡಿಸಬೇಕಾಗುತ್ತದೆ.

ಹುಡುಕಾಟ ಆರಂಭಿಸುವವರಿಗೆ ಜುಲೈ ತಿಂಗಳ ಎರಡನೆಯ ಭಾನುವಾರ ಒಳ್ಳೆಯ ದಿನ. ಜಾವಾ ಯೆಜ್ಡಿ ದಿನವೆಂದು ಆಚರಿಸುವ ಆ ಭಾನುವಾರ ಬೆಂಗಳೂರು, ಮೈಸೂರುಗಳಲ್ಲಿ ಮಾಲೀಕರು ಗಾಡಿಗಳೊಂದಿಗೆ ಸೇರುತ್ತಾರೆ. ಸರಿಯಾಗಿ ಓಡುವ ಕ್ಲಾಸಿಕ್ಕಿನ ಸ್ಲೋ ಸ್ಪೀಡ್ ಹೇಗಿರುತ್ತದೆ, ಹೊಗೆ ಎಷ್ಟಿರಬೇಕು, ಚೈನ್ ಕವರ್ ಎಲ್ಲಿ ಕೂರುತ್ತದೆ ಎಂಬುದನ್ನು ಅಲ್ಲಿ ಹತ್ತಾರು ಗಾಡಿಗಳಲ್ಲಿ ನೋಡಿಕೊಂಡು, ಆಮೇಲೆ ಮಾರಾಟದ ಗಾಡಿಯ ಮುಂದೆ ನಿಂತು ಬೆಲೆಯ ಮಾತಾಡಬಹುದು.